ಶೀಪ್ ಕ್ರೀಕ್, ಏಪ್ರಿಲ್ 2013: ಗೊತ್ತಿದ್ದ ಇಳಿಜಾರಿನ ಕೆಳಗೆ ಆರು ಜನ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೋದರೆ ಲವ್‌ಲ್ಯಾಂಡ್ ಪಾಸ್ ಸಿಗುತ್ತದೆ. ರಾಕಿ ಪರ್ವತಗಳನ್ನು ದಾಟುವ ಘಟ್ಟದ ದಾರಿ ಅದು. ಎತ್ತರ 11,990 ಅಡಿ, ಅಂದರೆ ಸುಮಾರು 3,655 ಮೀಟರ್. ಅದರ ಹತ್ತಿರ ಶೀಪ್ ಕ್ರೀಕ್ ಎಂಬ ಜಾಗವಿದೆ. 2013ರ ಏಪ್ರಿಲ್ 20, ಶನಿವಾರ. ಬೆಳಿಗ್ಗೆ ಹತ್ತು ದಾಟಿದ ಸಮಯ. ಸ್ಪ್ಲಿಟ್‌ಬೋರ್ಡ್ (ಹತ್ತುವಾಗ ಎರಡು ಸ್ಕೀಗಳಾಗಿ ಬಿಡಿಸಬಹುದಾದ, ಹಿಮದ ಮೇಲೆ ಜಾರುವ ಹಲಗೆ), ಸ್ಕೀ ಹಾಕಿಕೊಂಡ ಆರು ಜನ ಅಲ್ಲಿ ಹಿಮದ ಮೇಲೆ ನಡೆದು ಹೋಗುತ್ತಿದ್ದಾಗ ಮೇಲಿನ ಇಳಿಜಾರು ಪೂರ್ತಿ ಕಳಚಿ ಬಂತು. ಆರೂ ಜನ ಅದರಲ್ಲಿ ಸಿಕ್ಕಿದರು. ಐವರು ತೀರಿಕೊಂಡರು. 1962ರಲ್ಲಿ ಇದೇ ರಾಜ್ಯದ ಟ್ವಿನ್ ಲೇಕ್ಸ್‌ನಲ್ಲಿ ಹಿಮ ಕುಸಿದು 7 ಜನ ಸತ್ತಿದ್ದರು. ಅದಾದ ಮೇಲೆ ಕೊಲೊರಾಡೊದಲ್ಲಿ ಒಂದೇ ಹಿಮಕುಸಿತಕ್ಕೆ ಇಷ್ಟು ಜನ ಬಲಿಯಾಗಿದ್ದು ಇದೇ ಮೊದಲು.

ಹಿಮಕುಸಿತದ ಪ್ರಕರಣಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಒಂದು ಕಾರಣ ಹುಡುಕುತ್ತೇವೆ. ಮುನ್ಸೂಚನೆ ಓದಿರಲಿಲ್ಲ. ಸಲಿಕೆ ತಂದಿರಲಿಲ್ಲ. ಅನುಭವ ಇರಲಿಲ್ಲ. ಅಂಥದ್ದೇನೋ ಒಂದು ಸಿಕ್ಕರೆ ಮನಸ್ಸಿಗೆ ಸಮಾಧಾನ, ಅಲ್ವಾ? ನಾವಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಅಂದುಕೊಳ್ಳಬಹುದು. ಶೀಪ್ ಕ್ರೀಕ್‌ನಲ್ಲಿ ಆ ಸಮಾಧಾನ ಸಿಗುವುದಿಲ್ಲ. ಆರೂ ಜನರ ಬಳಿ ಬೀಕನ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ ಪುಟ್ಟ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಇದ್ದವು. ಅವತ್ತಿನ ಮುನ್ಸೂಚನೆಯನ್ನು ಅವರು ಓದಿದ್ದರು. ಯಾವ ಥರದ ಅಪಾಯ ಇದೆ ಅಂತ ಮಾತಾಡಿಕೊಂಡಿದ್ದರು. ಕೊನೆಗೆ ಜಾರಿ ಬಂದ ಇಳಿಜಾರನ್ನೇ ನೋಡಿ, ಇದು ಅಪಾಯದ್ದು ಅಂತ ಗುರುತಿಸಿ, ನಿಂತು ಚರ್ಚೆ ಮಾಡಿದ್ದರು. ಅವತ್ತು ಅಲ್ಲಿ ಅಷ್ಟು ಜನ ಸೇರಿದ್ದೇ ಹಿಮದಲ್ಲಿ ಸುರಕ್ಷಿತವಾಗಿ ಓಡಾಡುವುದರ ಬಗ್ಗೆ ಅರಿವು ಬೆಳೆಸುವ ಒಂದು ಕೂಟಕ್ಕಾಗಿ.

ಹಾಗಾಗಿ ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಅಪಾಯ ಗೊತ್ತಿದ್ದೂ ಅದರ ಕೆಳಗೆ ಹೋಗಿ ನಿಲ್ಲುವಂತಾಗಿದ್ದು ಹೇಗೆ? ಅದಕ್ಕೆ ಉತ್ತರ ಬೇಕಾದರೆ ಅವತ್ತಿನ ಬೆಳಗಿನಿಂದಲ್ಲ, ಆ ಚಳಿಗಾಲದ ಶುರುವಿನಿಂದ ನೋಡಬೇಕು.

ನೆಲಕ್ಕೆ ಅಂಟಿಕೊಂಡಿದ್ದ ಹಳೆಯ ಪದರ

ಕೊಲೊರಾಡೊದ ಬೆಟ್ಟಗಳು ಸಮುದ್ರದಿಂದ ಬಹಳ ದೂರ. ಅಲ್ಲಿ ಗಾಳಿ ಒಣದು, ರಾತ್ರಿಗಳಲ್ಲಿ ಆಕಾಶ ಶುಭ್ರ, ಚಳಿ ಜಾಸ್ತಿ. ಚಳಿಗಾಲದ ಮೊದಲ ತಿಂಗಳುಗಳಲ್ಲಿ ಬೀಳುವ ಹಿಮ ಎಷ್ಟೋ ಸಲ ತೆಳ್ಳಗಿರುತ್ತದೆ. 2012-13ರ ಚಳಿಗಾಲವೂ ಹಾಗೆಯೇ ತೆಳ್ಳಗಿನ ಹಿಮದಿಂದ ಶುರುವಾಯಿತು.

ತೆಳ್ಳಗಿನ ಹಿಮದಿಂದ ಏನು ತೊಂದರೆ? ಹಿಮದ ಕೆಳಗಿನ ನೆಲ ಚಳಿಗಾಲವಿಡೀ ಹೆಚ್ಚುಕಮ್ಮಿ 0 ಡಿಗ್ರಿಯಲ್ಲೇ ಇರುತ್ತದೆ. ಮೇಲ್ಮೈ ಮಾತ್ರ ರಾತ್ರಿ ಬಹಳ ಕೆಳಗೆ ಇಳಿಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಹಿಮದ ದಪ್ಪದೊಳಗೆ ಹಂಚಿಹೋಗಬೇಕು. ಪ್ರತಿ 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಹಿಮದ ಕಣಗಳು ಬದಲಾಗತೊಡಗುತ್ತವೆ. ಲೆಕ್ಕ ಹಾಕಿ ನೋಡಿ. ಮೇಲ್ಮೈ ಮೈನಸ್ 15 ಡಿಗ್ರಿ, ಹಿಮದ ದಪ್ಪ 50 ಸೆಂಟಿಮೀಟರ್ ಅಂದುಕೊಳ್ಳಿ. ಪ್ರತಿ 10 ಸೆಂಟಿಮೀಟರಿಗೆ 3 ಡಿಗ್ರಿ ಆಯಿತು. ಮಿತಿಯ ಮೂರು ಪಟ್ಟು. ಅದೇ ಚಳಿಯಲ್ಲಿ ಹಿಮ 2 ಮೀಟರ್ ದಪ್ಪ ಇದ್ದಿದ್ದರೆ 10 ಸೆಂಟಿಮೀಟರಿಗೆ ಒಂದು ಡಿಗ್ರಿಯೂ ಆಗುತ್ತಿರಲಿಲ್ಲ. ಚಳಿ ಒಂದೇ, ಆದರೆ ತೆಳ್ಳಗಿನ ಹಿಮ ಒಳಗಿನಿಂದ ಹಾಳಾಗುತ್ತದೆ, ದಪ್ಪ ಹಿಮ ಗಟ್ಟಿಯಾಗುತ್ತದೆ.

ಬೆಚ್ಚಗಿನ ನೆಲದ ಕಡೆಯಿಂದ ನೀರಿನ ಆವಿ ಹಿಮದೊಳಗೆ ಮೇಲಕ್ಕೆ ಚಲಿಸುತ್ತದೆ. ಹೋಗುತ್ತಾ ದಾರಿಯಲ್ಲಿ ಕಣಗಳ ಮೇಲೆ ಕೂತು ದೊಡ್ಡ ದೊಡ್ಡ ಮೂಲೆಗಳಿರುವ ಹರಳುಗಳನ್ನು ಬೆಳೆಸುತ್ತದೆ. ಕೈಯಲ್ಲಿ ಹಿಡಿದರೆ ದಪ್ಪ ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿದುಹೋಗುತ್ತವೆ. ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಡೆಪ್ತ್ ಹೋರ್ ಅಂತ ಕರೆಯುವುದು ಈ ಪದರವನ್ನೇ. ಒಮ್ಮೆ ಹುಟ್ಟಿದರೆ ಅದು ಬೇಗ ಸರಿಹೋಗುವುದಿಲ್ಲ. ಹೊಸ ಹಿಮ ಬಿದ್ದಾಗ ಮೇಲಿನ ಪದರಗಳು ಕೆಲವು ದಿನಗಳಲ್ಲಿ ಕೂತುಕೊಂಡು ಗಟ್ಟಿಯಾಗುತ್ತವೆ. ನೆಲದ ಹತ್ತಿರದ ಈ ಪದರ ಮಾತ್ರ ತಿಂಗಳುಗಟ್ಟಲೆ ಸಡಿಲವಾಗಿಯೇ ಉಳಿಯುತ್ತದೆ. ಬಿಸಿಲು ಕಾಣದ ಉತ್ತರ ಮುಖದ ಇಳಿಜಾರುಗಳಲ್ಲಂತೂ ವಸಂತದವರೆಗೂ.

ಆಮೇಲೆ ಏಪ್ರಿಲ್ ಬಂತು. ಕೊಲೊರಾಡೊದ ಬೆಟ್ಟಗಳಲ್ಲಿ ಏಪ್ರಿಲ್ ತಿಂಗಳಿಗೆ ಚಳಿಗಾಲ ಮುಗಿದಿರುವುದಿಲ್ಲ. ಆ ವರ್ಷ ಆ ತಿಂಗಳಲ್ಲಿ ಒಂದರ ಹಿಂದೆ ಒಂದು ಬಿರುಗಾಳಿ ಬಂದು ತುಂಬಾ ಹಿಮ ಸುರಿಯಿತು. ಆಕಾಶದಿಂದ ಬಿದ್ದದ್ದು ಮಾತ್ರ ಲೆಕ್ಕಕ್ಕಲ್ಲ. ಎತ್ತರದ ಬಯಲಿನಲ್ಲಿ ಗಾಳಿ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ತಂದು ಗುಡ್ಡೆ ಹಾಕುತ್ತದೆ. ಬೀಳುವ ಹಿಮ ಸೇರುವ ವೇಗಕ್ಕಿಂತ ಹತ್ತು ಪಟ್ಟು ವೇಗವಾಗಿ ಗಾಳಿ ಹಿಮ ತುಂಬಬಲ್ಲದು. ಇಷ್ಟೆಲ್ಲ ಭಾರ ಕೂತಿದ್ದು ಎಲ್ಲಿ? ಚಳಿಗಾಲದ ಶುರುವಿನಲ್ಲಿ ಹಾಳಾಗಿದ್ದ ಆ ಪದರದ ಮೇಲೆ.

ಈಗ ಮೇಲೆ ಗಟ್ಟಿಯಾದ ದಪ್ಪ ಹಿಮದ ಚಪ್ಪಡಿ. ಕೆಳಗೆ ಹಿಡಿತವೇ ಇಲ್ಲದ ಹರಳುಗಳು. ಚಪ್ಪಡಿ ಗಟ್ಟಿ ಇರುವುದರಿಂದ ಮೇಲೆ ನಡೆಯುವವರ ಭಾರ ಸುಮಾರು ಕಡೆ ಆಳದ ಪದರಕ್ಕೆ ತಲುಪುವುದೇ ಇಲ್ಲ. ಹತ್ತು ಜನ ದಾಟಿದರೂ ಏನೂ ಆಗದೇ ಇರಬಹುದು. ಹನ್ನೊಂದನೆಯವರ ಕಾಲು ಚಪ್ಪಡಿ ತೆಳ್ಳಗಿರುವ ಒಂದು ಜಾಗಕ್ಕೆ ಬೀಳುತ್ತದೆ. ಬಂಡೆಯ ಪಕ್ಕವೋ, ಇಳಿಜಾರಿನ ಅಂಚೋ, ಬುಡವೋ. ಅಲ್ಲಿಂದ ಎಲ್ಲವೂ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಇಂಥ ಹಿಮದ ಮೇಲೆ ಬೇರೆಯವರ ಹೆಜ್ಜೆ ಗುರುತು ಇದೆ ಅನ್ನುವುದು ಧೈರ್ಯ ಕೊಡುವ ವಿಷಯವೇ ಅಲ್ಲ. ಗುಂಡಿ ತೋಡಿ ಪರೀಕ್ಷೆ ಮಾಡಿದರೂ ಆ ಒಂದು ಜಾಗದ ಬಗ್ಗೆ ಮಾತ್ರ ಗೊತ್ತಾಗುತ್ತದೆ. ಇಪ್ಪತ್ತು ಹೆಜ್ಜೆ ಆಚೆ ಕಥೆ ಬೇರೆ ಇರಬಹುದು.

ಅವತ್ತಿನ ಮುನ್ಸೂಚನೆ

ಕೊಲೊರಾಡೊದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡಲು ರಾಜ್ಯ ಸರ್ಕಾರದ್ದೇ ಒಂದು ಸಂಸ್ಥೆ ಇದೆ, ಕೊಲೊರಾಡೊ ಅವಲಾಂಚ್ ಇನ್ಫರ್ಮೇಷನ್ ಸೆಂಟರ್. ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಹೇಳುತ್ತಾರೆ. ಲವ್‌ಲ್ಯಾಂಡ್ ಪಾಸ್ ಇರುವ ಪ್ರದೇಶಕ್ಕೆ ಅವತ್ತು ಕೊಟ್ಟಿದ್ದು 3ನೇ ಮಟ್ಟ. ಆಳದಲ್ಲಿ ಹಳೆಯ ದುರ್ಬಲ ಪದರ ಇದೆ, ಅದರ ಮೇಲೆ ದೊಡ್ಡ ಚಪ್ಪಡಿ ಕೂತಿದೆ ಅನ್ನುವ ಎಚ್ಚರಿಕೆಯೂ ಅದರಲ್ಲಿತ್ತು. ಎರಡು ದಿನ ಮೊದಲು, ಏಪ್ರಿಲ್ 18ರಂದು, ಅದೇ ರಾಜ್ಯದ ವೇಲ್ ಪಾಸ್ ಬಳಿ ಒಬ್ಬ ಸ್ನೋಬೋರ್ಡರ್ ಹಿಮಕುಸಿತದಲ್ಲಿ ಪ್ರಾಣ ಕಳೆದುಕೊಂಡಿದ್ದರು.

ಐದರಲ್ಲಿ ಮೂರು ಅಂದಾಗ ನಡುವಿನದು, ಪರವಾಗಿಲ್ಲ ಅನ್ನಿಸುತ್ತದೆ. ಆದರೆ 3ನೇ ಮಟ್ಟದ ವಿವರಣೆ ಓದಿ ನೋಡಿ. ಹಿಮ ತಾನಾಗಿಯೇ ಕುಸಿಯುವ ಸಾಧ್ಯತೆ ಇದೆ, ಮನುಷ್ಯರು ಕಾಲಿಟ್ಟರೆ ಕುಸಿಯುವ ಸಂಭವ ಹೆಚ್ಚು ಅಂತ ಅದು ಹೇಳುತ್ತದೆ. ಬೆಟ್ಟಕ್ಕೆ ಹೋಗುವ ನಮ್ಮ ಮಟ್ಟಿಗೆ ಇದು ನಡುವಿನ ಮಾತೇನಲ್ಲ. 4 ಮತ್ತು 5ನೇ ಮಟ್ಟದ ದಿನಗಳಲ್ಲಿ ಬಹಳಷ್ಟು ಜನ ಹೊರಗೇ ಹೋಗುವುದಿಲ್ಲ. 3 ಇದ್ದಾಗ ಹೋಗುತ್ತಾರೆ. ಸಾವುಗಳಲ್ಲಿ ದೊಡ್ಡ ಪಾಲು ಈ ಮಟ್ಟದ ದಿನಗಳಲ್ಲೇ ಆಗುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಒಂದು ವಿಷಯ ಇದೆ. ನನ್ನ ಪ್ರಕಾರ ಇಡೀ ಪ್ರಕರಣದ ಕೀಲಿ ಇಲ್ಲೇ ಇದೆ. ಮಟ್ಟದ ಅಂಕಿ ಎರಡು ವಿಷಯಗಳನ್ನು ಒಂದೇ ಸಂಖ್ಯೆಯಲ್ಲಿ ಸೇರಿಸಿ ಹೇಳುತ್ತದೆ. ಕುಸಿಯುವ ಸಂಭವ ಎಷ್ಟು ಅನ್ನುವುದು ಒಂದು. ಕುಸಿದರೆ ಎಷ್ಟು ದೊಡ್ಡದಾಗಿ ಕುಸಿಯುತ್ತದೆ ಅನ್ನುವುದು ಇನ್ನೊಂದು. ನಿನ್ನೆ ರಾತ್ರಿ ಬಿದ್ದ ಹೊಸ ಹಿಮದ ಸಮಸ್ಯೆಯಿಂದಲೂ 3 ಬರಬಹುದು. ಅದು ಸುಲಭವಾಗಿ ಕುಸಿಯುತ್ತದೆ, ಆದರೆ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಕಾಲ ಕೆಳಗೆ ಬಿರುಕು ಬಿಟ್ಟು ಮೊದಲೇ ಸೂಚನೆಯನ್ನೂ ಕೊಡುತ್ತದೆ. ಆಳದ ಪದರದ ಸಮಸ್ಯೆಯಿಂದಲೂ ಅದೇ 3 ಬರಬಹುದು. ಅದು ಅಪರೂಪಕ್ಕೆ ಕುಸಿಯುತ್ತದೆ, ಕುಸಿದರೆ ಇಡೀ ಇಳಿಜಾರೇ ಬರುತ್ತದೆ, ಮೊದಲು ಸುಳಿವು ಕೊಡುವುದೂ ಕಡಿಮೆ. ಒಂದೇ ಅಂಕಿ, ಆದರೆ ನಡೆದುಕೊಳ್ಳಬೇಕಾದ ರೀತಿ ಎರಡು. ಮೊದಲನೆಯದರಲ್ಲಿ ಜಾಣತನದಿಂದ, ಒಬ್ಬೊಬ್ಬರಾಗಿ, ಅಂತರ ಬಿಟ್ಟು ಸಾಗಿದರೆ ಉಪಯೋಗ ಇದೆ. ಎರಡನೆಯದರಲ್ಲಿ ಅದು ವ್ಯಾಪಿಸಬಹುದಾದ ಜಾಗದಿಂದ ಪೂರ್ತಿ ಹೊರಗಿರುವುದೊಂದೇ ದಾರಿ.

ಗುರಿ ಮತ್ತು ದಾರಿ

ಅವರು ಅವತ್ತು ದೊಡ್ಡ ಸಾಹಸಕ್ಕೇನೂ ಹೊರಟಿರಲಿಲ್ಲ. ಉತ್ತರ ಮುಖದ ಅಪಾಯದ ಇಳಿಜಾರುಗಳನ್ನು ಬಿಟ್ಟು, ವಾಯವ್ಯಕ್ಕೆ ಮುಖ ಮಾಡಿದ ಒಂದು ಇಳಿಜಾರಿನ ಕಡೆಗೆ ಹೋಗುವುದು ಅವರ ಯೋಚನೆ. ಅಂದರೆ ಮುನ್ಸೂಚನೆಯನ್ನು ಓದಿ, ಅದಕ್ಕೆ ತಕ್ಕಂತೆ ಗುರಿಯನ್ನು ಆರಿಸಿಕೊಂಡಿದ್ದರು. ಆ ಆಯ್ಕೆಯಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ.

ತೊಡಕು ಇದ್ದದ್ದು ದಾರಿಯಲ್ಲಿ. ಆ ಇಳಿಜಾರನ್ನು ತಲುಪಲು ಉತ್ತರ ಮುಖದ ಇನ್ನೊಂದು ಇಳಿಜಾರಿನ ಬುಡದಲ್ಲಿ ಹಾದುಹೋಗಬೇಕಿತ್ತು. ಅವರು ನಡೆಯುತ್ತಿದ್ದ ಜಾಗ ಅಷ್ಟೇನೂ ಕಡಿದಾಗಿರಲಿಲ್ಲ. ಆದರೆ ತಲೆಯ ಮೇಲೆ ಕಡಿದಾದ ಹಿಮ. ಕೆಳಗಡೆ ಒಂದು ಕೊರಕಲು.

ಪ್ರವಾಸದ ಯೋಜನೆ ಮಾಡುವಾಗ ಮನಸ್ಸೆಲ್ಲ ಗುರಿಯ ಮೇಲೆ ಇರುತ್ತದೆ. ಎಲ್ಲಿ ಇಳಿಯುತ್ತೇವೆ, ಅಲ್ಲಿನ ಹಿಮ ಹೇಗಿದೆ, ಅದರ ಕೋನ ಎಷ್ಟು. ಅಲ್ಲಿಗೆ ಹೋಗುವ ದಾರಿಯನ್ನು ಸುಮ್ನೆ ನಡೆಯುವ ಭಾಗ ಅಂದುಕೊಂಡು ಬಿಡುತ್ತೇವೆ. ಬೆಟ್ಟದ ಹಿಮಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಮುನ್ಸೂಚನೆಯಲ್ಲಿ "ಉತ್ತರ ಮುಖ" ಅಂತ ಓದಿದರೆ ಅದನ್ನು ನಕ್ಷೆಯಲ್ಲಿ ಗಾಡಿ ನಿಲ್ಲಿಸಿದ ಜಾಗದಿಂದ ಹಿಡಿದು ವಾಪಸ್ ಗಾಡಿಯವರೆಗಿನ ಪೂರ್ತಿ ಗೆರೆಗೆ ಅನ್ವಯಿಸಬೇಕು. ಗೆರೆಯ ಮೇಲೆ ಏನಿದೆ ಅಂತಷ್ಟೇ ಅಲ್ಲ, ಗೆರೆಯ ಮೇಲ್ಗಡೆ ಏನಿದೆ ಅಂತಲೂ.

ಆ ಜಾಗ ಬಂದಾಗ ಆರೂ ಜನ ನಿಂತರು. ಮೇಲಿನ ಇಳಿಜಾರನ್ನು ನೋಡಿದರು. ಅಪಾಯ ಇದೆ ಅನ್ನುವುದನ್ನು ಒಪ್ಪಿಕೊಂಡರು. ಆಮೇಲೆ ಒಂದು ನಿರ್ಧಾರಕ್ಕೆ ಬಂದರು: ಒಬ್ಬರಿಂದ ಒಬ್ಬರು ಸುಮಾರು 50 ಅಡಿ ಅಂತರ ಬಿಟ್ಟು, ಬೇಗ ದಾಟಿ, ಮುಂದೆ ಕಾಣುತ್ತಿರುವ ಒಂದು ಸಣ್ಣ ಮರಗಳ ಗುಂಪನ್ನು ಸೇರಿಕೊಳ್ಳುವುದು. ಅಲ್ಲಿ ಸ್ವಲ್ಪ ಸುರಕ್ಷಿತ ಅನ್ನುವ ಲೆಕ್ಕ.

ಹಿಮದಲ್ಲಿ ಓಡಾಡುವವರಿಗೆ ಕಲಿಸುವ ಪಾಠವೇ ಇದು. ಅಂತರ ಬಿಡಿ, ಬೇಗ ದಾಟಿ, ಆಶ್ರಯದಿಂದ ಆಶ್ರಯಕ್ಕೆ ಹೋಗಿ. ಅವರು ಕಲಿತದ್ದನ್ನು ಮರೆತಿರಲಿಲ್ಲ. ಕಲಿತದ್ದನ್ನೇ ಮಾಡಿದರು. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ನೋವು ಕೊಡುವ ಭಾಗ ಇದೇ.

ಧುಮ್ ಎಂಬ ಸದ್ದು

ಮುಂದಿದ್ದವರು ಮರಗಳ ಹತ್ತಿರ ಬರುತ್ತಿದ್ದಾಗ ಕಾಲ ಕೆಳಗಿನ ಹಿಮ ಒಮ್ಮೆಲೇ ಕುಸಿದು ಕೂತಿತು. ಎಲ್ಲರಿಗೂ ಅದು ಅನುಭವಕ್ಕೆ ಬಂತು. ಧುಮ್ ಅಂತ ಸದ್ದು. ಆಮೇಲೆ ಕೆಲವೇ ಸೆಕೆಂಡು ಬಿಡುವು. ಅಷ್ಟರಲ್ಲಿ ಮೇಲಿನ ಇಳಿಜಾರು ಒಡೆಯಿತು. ಅವರು ಮರಗಳ ಕಡೆಗೆ ಓಡಿದರು. ಹಿಮ ಅದಕ್ಕಿಂತ ಬೇಗ ಬಂತು.

ಸಮತಟ್ಟಿನ ಹತ್ತಿರ ನಿಂತವರು ಮೇಲಿರುವ ಇಳಿಜಾರನ್ನು ಬೀಳಿಸುವುದು ಹೇಗೆ ಸಾಧ್ಯ? ಮೊದಲ ಸಲ ಕೇಳಿದವರು ನಂಬುವುದೇ ಕಷ್ಟ. ಆಗುವುದು ಹೀಗೆ. ಕೆಳಗಿನ ದುರ್ಬಲ ಪದರದಲ್ಲಿ ಹರಳುಗಳ ನಡುವೆ ತುಂಬಾ ಖಾಲಿ ಜಾಗ ಇರುತ್ತದೆ. ಒಂದು ಕಡೆ ಅದು ಪುಡಿಯಾದರೆ ಮೇಲಿನ ಚಪ್ಪಡಿ ಅಷ್ಟು ಕೆಳಕ್ಕೆ ಕೂರುತ್ತದೆ. ಚಪ್ಪಡಿ ಬಾಗಿದಾಗ ಪಕ್ಕದ ಹರಳುಗಳ ಮೇಲೆ ಭಾರ ಬಿದ್ದು ಅವೂ ಪುಡಿಯಾಗುತ್ತವೆ. ಅವುಗಳ ಪಕ್ಕದವು, ಮತ್ತೆ ಅವುಗಳ ಪಕ್ಕದವು. ಈ ಒಡಕು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಎಲ್ಲ ದಿಕ್ಕಿಗೂ ಓಡುತ್ತದೆ. ಸಮತಟ್ಟು ಜಾಗದಲ್ಲಿ ಓಡಿದಾಗ ಹಿಮ ಸುಮ್ನೆ ಕೂತುಕೊಳ್ಳುತ್ತದೆ, ಅಷ್ಟೇ. ನಾವು ಕೇಳುವ ಸದ್ದು ಅದು. ಅದೇ ಒಡಕು 30 ಡಿಗ್ರಿಗಿಂತ ಕಡಿದಾದ ಜಾಗ ಮುಟ್ಟಿದಾಗ ಅಲ್ಲಿನ ಚಪ್ಪಡಿಗೆ ಕೆಳಗಿನ ಹಿಡಿತ ತಪ್ಪುತ್ತದೆ. ಜಾರಲು ಶುರುವಾಗುತ್ತದೆ. ಸದ್ದಿಗೂ ಕುಸಿತಕ್ಕೂ ನಡುವೆ ಇದ್ದ ಆ ಕೆಲವು ಸೆಕೆಂಡುಗಳು ಒಡಕು ಮೇಲಿನ ಇಳಿಜಾರಿಗೆ ಹತ್ತಿಹೋಗಲು ತೆಗೆದುಕೊಂಡ ಸಮಯ.

ಸಾಮಾನ್ಯ ದಿನಗಳಲ್ಲಿ ಈ ಸದ್ದು ಬೆಟ್ಟ ಕೊಡುವ ಸ್ಪಷ್ಟ ಎಚ್ಚರಿಕೆ. ಕೇಳಿದ ತಕ್ಷಣ ಹಿಂದೆ ಸರಿಯಬೇಕು. ಆದರೆ ಇಳಿಜಾರಿನ ಬುಡದಲ್ಲಿ ನಿಂತಾಗ ಅದೇ ಸದ್ದು ಕುಸಿತದ ಆರಂಭವೂ ಆಗಿರಬಹುದು. ಆಗ ಸೂಚನೆ ಸಿಕ್ಕ ಮೇಲೆ ನಿರ್ಧರಿಸೋಣ ಅನ್ನುವುದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಮನರಂಜನೆಗೆಂದು ಬೆಟ್ಟಕ್ಕೆ ಹೋದವರು ಹಿಮಕುಸಿತದಲ್ಲಿ ಸತ್ತ ಪ್ರಕರಣಗಳಲ್ಲಿ ಸುಮಾರು 90 ಪ್ರತಿಶತದಷ್ಟನ್ನು ಶುರು ಮಾಡುವುದು ಸಿಕ್ಕಿಬಿದ್ದವರೇ ಅಥವಾ ಅವರ ತಂಡದವರೇ. ಇದನ್ನು ಕೇಳಿದಾಗ ಇಳಿಜಾರಿನ ಮಧ್ಯೆ ಸ್ಕೀ ಮಾಡುತ್ತಿರುವ ಚಿತ್ರ ಕಣ್ಣಮುಂದೆ ಬರುತ್ತದೆ. ಕೆಳಗೆ ನಡೆದು ಹೋಗುತ್ತಿದ್ದವರ ಚಿತ್ರ ಬರುವುದಿಲ್ಲ. ಬರಬೇಕು.

ಐವತ್ತು ಅಡಿಯ ಲೆಕ್ಕ

ಕುಸಿದ ಭಾಗದ ಅಗಲ ಸುಮಾರು 800 ಅಡಿ. ಅಂದರೆ 240 ಮೀಟರಿಗೂ ಜಾಸ್ತಿ. ಮೇಲಿನಿಂದ ಕೆಳಗಿನವರೆಗೆ ಎತ್ತರದ ವ್ಯತ್ಯಾಸ ಸುಮಾರು 600 ಅಡಿ. ಒಡೆದದ್ದು ನೆಲದ ಹತ್ತಿರದ ಪದರದಲ್ಲಿ. ಅಂದರೆ ಇಡೀ ಚಳಿಗಾಲದ ಹಿಮ ಒಟ್ಟಿಗೆ ಬಂತು.

ಈಗ ಆರು ಜನರನ್ನು 50 ಅಡಿ ಅಂತರದಲ್ಲಿ ನಿಲ್ಲಿಸಿ. ಆರು ಜನರ ನಡುವೆ ಐದು ಅಂತರ. ಮೊದಲನೆಯವರಿಂದ ಕೊನೆಯವರಿಗೆ 250 ಅಡಿ. ಕುಸಿದ ಅಗಲದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂತರವನ್ನು ಎರಡು ಪಟ್ಟು ಮಾಡಿದ್ದರೂ 500 ಅಡಿ, ಆಗಲೂ ಎಲ್ಲರೂ ಒಳಗೇ.

ಅಂತರ ಬಿಡುವುದಕ್ಕೆ ಎರಡು ಉದ್ದೇಶ ಇರುತ್ತದೆ. ಒಂದು, ಹಿಮದ ಮೇಲೆ ಒಂದೇ ಕಡೆ ಭಾರ ಬೀಳದಿರಲಿ ಅಂತ. ಮೇಲ್ಪದರದ ತೆಳು ಚಪ್ಪಡಿಗೆ ಇದು ಸರಿ. ಆಳದ ಪದರಕ್ಕೆ ಇದರಿಂದ ಹೆಚ್ಚು ಉಪಯೋಗ ಇಲ್ಲ, ಯಾಕೆಂದರೆ ಅಲ್ಲಿ ತೆಳ್ಳಗಿನ ಒಂದು ಜಾಗದ ಮೇಲೆ ಒಬ್ಬರ ಕಾಲು ಬಿದ್ದರೂ ಸಾಕು. ಎರಡನೆಯ ಉದ್ದೇಶ, ಕುಸಿದರೆ ಒಬ್ಬರು ಮಾತ್ರ ಸಿಗಲಿ, ಉಳಿದವರು ಹುಡುಕಲು ಇರಲಿ ಅಂತ. ಇದು ಈಡೇರಬೇಕಾದರೆ ಅಂತರವನ್ನು ಅಡಿಗಳಲ್ಲಿ ಅಳೆಯುವ ಹಾಗಿಲ್ಲ. ಮೊದಲನೆಯವರು ಇಳಿಜಾರಿನ ವ್ಯಾಪ್ತಿಯಿಂದ ಪೂರ್ತಿ ಆಚೆ ಹೋಗಿ ನಿಂತ ಮೇಲೆ ಎರಡನೆಯವರು ಹೊರಡಬೇಕು. ಅಷ್ಟು ಹೊತ್ತೂ ಮಿಕ್ಕವರು ಈಚೆ, ವ್ಯಾಪ್ತಿಯ ಹೊರಗೆ ಇರಬೇಕು.

ಅದರಿಂದ ಸಾವಿನ ಸಂಖ್ಯೆ ಕಡಿಮೆ ಆಗಬಹುದಿತ್ತು. ಹಾಗಂತ ಅದೇ ಸರಿಯಾದ ಉಪಾಯ ಅಂತ ನಾನು ಹೇಳಲಾರೆ. ಒಬ್ಬೊಬ್ಬರಾಗಿ ದಾಟಿದರೂ ಆರು ಜನ ಆರು ಸಲ ಆ ಹಿಮವನ್ನು ತುಳಿಯುತ್ತಾರೆ. ಕುಸಿದಾಗ ಕೆಳಗಿದ್ದ ಒಬ್ಬರಿಗೆ ಬದುಕುವ ಅವಕಾಶ ಬಹಳ ಕಡಿಮೆ. ಇಡೀ ಇಳಿಜಾರೇ ಬರಬಹುದಾದ ದಿನ ಒಬ್ಬರನ್ನಾದರೂ ಅದರ ಕೆಳಗೆ ಕಳಿಸುವುದು ಯಾಕೆ?

ಇನ್ನು ಮರಗಳು. ಮರ ಕಂಡರೆ ಅಲ್ಲಿ ಆಸರೆ ಇದೆ ಅನ್ನಿಸುವುದು ಸಹಜ. ಒತ್ತಾಗಿ ಬೆಳೆದ ಕಾಡು ಮೇಲಿನ ಹಿಮ ಕುಸಿಯಲು ಶುರುವಾಗದಂತೆ ಹಿಡಿದಿಡಬಲ್ಲದು, ನಿಜ. ಆದರೆ ಬಯಲಿನ ನಡುವೆ ಇರುವ ಸಣ್ಣ ಗುಂಪು ಮೇಲಿನಿಂದ ಬರುವ ಹಿಮವನ್ನು ತಡೆಯುವುದಿಲ್ಲ. ಮೇಲೆ ಬರಿದಾದ ಇಳಿಜಾರು ಇದ್ದು ಕೆಳಗೆ ನಾಲ್ಕು ಮರ ಇದ್ದರೆ, ಆ ಮರಗಳೂ ಹಿಮದ ದಾರಿಯಲ್ಲೇ ನಿಂತಿವೆ ಅಂತ ತಿಳಿಯಬೇಕು.

ಕೊರಕಲಿನಲ್ಲಿ

ಹಿಮ ಆರೂ ಜನರನ್ನು ತಳ್ಳಿಕೊಂಡು ಹೋಗಿ ಕೊರಕಲಿಗೆ ಹಾಕಿತು. ಬಯಲಿಗೆ ಬಂದ ಹಿಮ ಹರಡಿಕೊಳ್ಳುತ್ತದೆ, ತೆಳ್ಳಗಾಗುತ್ತದೆ. ಕೊರಕಲಿಗೆ ಬಂದ ಹಿಮಕ್ಕೆ ಹರಡಲು ಜಾಗವಿಲ್ಲ. ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ನಿಂತ ಕೂಡಲೇ ಗಟ್ಟಿಯಾಗುತ್ತದೆ. ಅದರೊಳಗೆ ಸಿಕ್ಕವರು ಬೆರಳನ್ನೂ ಅಲ್ಲಾಡಿಸಲಾರರು.

ಐವರು ಪೂರ್ತಿ ಹೂತುಹೋದರು. ಒಬ್ಬರಿಗೆ ಮೈಯೆಲ್ಲ ಹೂತಿದ್ದರೂ ಒಂದು ಮುಂಗೈ ಹೊರಗೆ ಉಳಿದಿತ್ತು. ಆ ಕೈಯಿಂದ ಮುಖದ ಮೇಲಿನ ಹಿಮ ಸರಿಸಿಕೊಂಡು ಉಸಿರಾಡಿದರು. ಆದರೆ ತಮ್ಮನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ರಕ್ಷಣಾ ತಂಡ ಬಂದು ತೆಗೆಯುವವರೆಗೆ, ಸುಮಾರು 4 ಗಂಟೆ, ಹಾಗೇ ಇದ್ದರು. ಆ ದಿನ ಬದುಕಿ ಬಂದವರು ಅವರೊಬ್ಬರೇ.

ಬೀಕನ್‌ಗಳು 457 ಕಿಲೋಹರ್ಟ್ಸ್ ತರಂಗದಲ್ಲಿ ಸಂಕೇತ ಕಳಿಸುತ್ತವೆ. ಮೇಲಿರುವವರು ತಮ್ಮ ಬೀಕನ್ನನ್ನು ಹುಡುಕುವ ಸ್ಥಿತಿಗೆ ತಿರುಗಿಸಿ, ಸಂಕೇತ ಹಿಡಿದು, ಪ್ರೋಬ್ ಚುಚ್ಚಿ ನೋಡಿ, ಸಲಿಕೆಯಿಂದ ತೋಡಬೇಕು. ಅಂದರೆ ಈ ಎಲ್ಲ ಸಾಧನಗಳೂ ಒಂದು ಷರತ್ತಿನ ಮೇಲೆ ನಿಂತಿವೆ: ಯಾರಾದರೂ ಹೊರಗೆ ಉಳಿದಿರಬೇಕು. ಶೀಪ್ ಕ್ರೀಕ್‌ನಲ್ಲಿ ಯಾರೂ ಉಳಿದಿರಲಿಲ್ಲ. ಹೂತವರನ್ನು ಮೊದಲ 15 ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ 90 ಪ್ರತಿಶತದ ಆಸುಪಾಸು ಅಂತ ಸ್ವಿಟ್ಜರ್ಲೆಂಡ್‌ನ ಪ್ರಕರಣಗಳಿಂದ ಕಂಡುಕೊಂಡಿದ್ದಾರೆ. 35 ನಿಮಿಷದ ಹೊತ್ತಿಗೆ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಹೆದ್ದಾರಿಯೊಂದು ಪಕ್ಕದಲ್ಲೇ ಹಾದುಹೋಗುವ ಜಾಗ ಇದು. ಆದರೂ ಹೊರಗಿನವರು ಆ ಸಮಯದೊಳಗೆ ಬಂದು ತಲುಪಲು ಆಗಲಿಲ್ಲ.

ಬೇರೆ ಏನು ಮಾಡಬಹುದಿತ್ತು

ನಡೆದು ಹೋದ ಮೇಲೆ ಹೇಳುವುದು ಸುಲಭ. ಸತ್ತವರು ಅಸಡ್ಡೆಯ ಜನ ಅಲ್ಲ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವರು ನಿಂತ ಜಾಗದಲ್ಲಿ ನಿಮ್ಮನ್ನು ನಿಲ್ಲಿಸಿ ನೋಡಿ. ಒಳ್ಳೆಯ ಸ್ನೇಹಿತರು, ಅನುಭವ ಇರುವವರು. ಗುರಿ ಚಿಕ್ಕದು, ಸುರಕ್ಷಿತವಾದದ್ದು. ಮಧ್ಯೆ ಒಂದು ಸಣ್ಣ ತುಂಡು ದಾರಿ ಮಾತ್ರ ಸರಿ ಇಲ್ಲ. ದಾಟಲು ಕೆಲವು ನಿಮಿಷ ಸಾಕು. ಹೀಗಿದ್ದಾಗ ತಲೆಗೆ ಬರುವ ಪ್ರಶ್ನೆ "ಇದನ್ನು ಹೇಗೆ ದಾಟೋಣ?" ಅನ್ನುವುದು. "ಇದನ್ನು ದಾಟಬೇಕಾ?" ಅಂತ ಕೇಳುವ ಹೊತ್ತಿಗೆ ಅರ್ಧ ದಾರಿ ಬಂದಾಗಿರುತ್ತದೆ. ಹೇಗೆ ಅಂತ ಕೇಳಿದರೆ ಅಂತರ, ವೇಗ, ಮರ ಅನ್ನುವ ಉತ್ತರಗಳು ಸಿಗುತ್ತವೆ. ಎಲ್ಲವೂ ಜವಾಬ್ದಾರಿಯುತ ಉತ್ತರಗಳೇ. ಆ ಜವಾಬ್ದಾರಿಯ ಭಾವನೆಯೇ ಮುಂದೆ ಹೋಗಲು ಧೈರ್ಯ ಕೊಡುತ್ತದೆ.

ಅಲ್ಲಿ ನಿಂತಾಗ ಕೇಳಿಕೊಳ್ಳಬೇಕಾದದ್ದು ಕುಸಿಯುತ್ತದಾ ಇಲ್ಲವಾ ಅಂತಲ್ಲ. ಆಳದ ಪದರದ ವಿಷಯದಲ್ಲಿ ಅದಕ್ಕೆ ಉತ್ತರ ತಜ್ಞರ ಬಳಿಯೂ ಇರುವುದಿಲ್ಲ. ಇದು ಪೂರ್ತಿ ಬಂದರೆ ಎಲ್ಲಿಯವರೆಗೆ ಬರುತ್ತದೆ, ಆಗ ನಮ್ಮಲ್ಲಿ ಎಷ್ಟು ಜನ ಅದರೊಳಗೆ ಇರುತ್ತೇವೆ, ಕೆಳಗೆ ಏನಿದೆ? ಈ ಪ್ರಶ್ನೆಗಳಿಗೆ ಕಣ್ಣಿನಿಂದ ನೋಡಿಯೇ ಉತ್ತರ ಹೇಳಬಹುದು. ಅವತ್ತಿನ ಉತ್ತರಗಳು: ಬುಡದ ದಾರಿಯನ್ನೂ ದಾಟಿ ಬರುತ್ತದೆ, ಎಲ್ಲರೂ, ಕೊರಕಲು.

ದೂರವನ್ನು ಅಂದಾಜು ಮಾಡಲು ಒಂದು ಸರಳ ವಿಧಾನ ಇದೆ. ನೀವು ನಿಂತ ಜಾಗದಿಂದ ಇಳಿಜಾರಿನ ತುತ್ತತುದಿಗೆ, ಹಿಮ ಒಡೆಯಬಹುದಾದ ಜಾಗಕ್ಕೆ, ಕೋನಮಾಪಕ ಹಿಡಿದು ನೋಡಿ. ಈಗ ಇದನ್ನು ಫೋನಿನಲ್ಲೂ ಅಳೆಯಬಹುದು. ಕೋನ 25 ಡಿಗ್ರಿಗಿಂತ ಜಾಸ್ತಿ ಬಂದರೆ ದೊಡ್ಡ ಕುಸಿತ ನೀವಿರುವಲ್ಲಿಗೆ ಬರಬಹುದು ಅಂತಲೇ ತಿಳಿಯಿರಿ. 20 ಡಿಗ್ರಿಯ ಹತ್ತಿರದ ಜಾಗಗಳಿಗೂ ದೊಡ್ಡ ಕುಸಿತಗಳು ಬಂದು ಮುಟ್ಟಿದ ಉದಾಹರಣೆ ಇದೆ. ಹಾಗಾಗಿ ಆಳದ ಪದರದ ಎಚ್ಚರಿಕೆ ಇರುವ ದಿನ ಇನ್ನೂ ದೂರ ಇರುವುದು ಒಳ್ಳೆಯದು. ನಿಮ್ಮ ಕಾಲ ಕೆಳಗಿನ ಕೋನ ಎಷ್ಟೇ ಕಡಿಮೆ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಈ ಅಳತೆಯನ್ನು ಹಿಮದ ಮೇಲೆ ನಿಂತು ಮಾಡುವುದಕ್ಕಿಂತ ಹಿಂದಿನ ರಾತ್ರಿ ನಕ್ಷೆಯ ಮೇಲೆ ಮಾಡಿಟ್ಟುಕೊಳ್ಳುವುದು ಇನ್ನೂ ವಾಸಿ. ಇಳಿಜಾರಿನ ಕೋನವನ್ನು ಬಣ್ಣದಲ್ಲಿ ತೋರಿಸುವ ನಕ್ಷೆಗಳು ಈಗ ಸುಲಭವಾಗಿ ಸಿಗುತ್ತವೆ. ಆದರೆ ಬಣ್ಣ ಬಿದ್ದಿರುವುದು ಹಿಮ ಒಡೆಯಬಹುದಾದ ಜಾಗಕ್ಕೆ ಮಾತ್ರ. ಅದು ಬಂದು ಬೀಳುವ ಕೆಳಗಿನ ಜಾಗ ನಕ್ಷೆಯಲ್ಲಿ ಖಾಲಿ ಇರುತ್ತದೆ. ಆ ಖಾಲಿ ಜಾಗವನ್ನು ನೀವೇ ಗೆರೆ ಎಳೆದು ಗುರುತು ಮಾಡಬೇಕು. ನಿಮ್ಮ ದಾರಿ ಆ ಗೆರೆಯನ್ನು ಎಲ್ಲಿ ಮುಟ್ಟುತ್ತದೆ ಅಂತ ನೋಡಿ. ಮುಟ್ಟುವ ಜಾಗ ಒಂದಾದರೂ ಇದ್ದರೆ ಅವತ್ತಿಗೆ ಬೇರೆ ದಾರಿ ಹುಡುಕಿ, ಇಲ್ಲವೇ ಬೇರೆ ಬೆಟ್ಟ. ತಂಡದವರೆಲ್ಲ ಸೇರಿ ಇದನ್ನು ಹೊರಡುವ ಮೊದಲೇ ಒಪ್ಪಿಕೊಳ್ಳಬೇಕು. ಯಾರಾದರೂ ಒಬ್ಬರು ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಕಾರಣ ಕೇಳುವಂತಿಲ್ಲ. ಗೆರೆಯ ಹತ್ತಿರ ಬಂದು ನಿಂತು ಮತ್ತೆ ಚರ್ಚೆ ಶುರು ಮಾಡಿದರೆ, ದಾಟುವ ಉಪಾಯ ಒಂದು ಹೇಗಾದರೂ ಸಿಕ್ಕೇ ಸಿಗುತ್ತದೆ.